‘ಹತ್ತು ಕಾಯಿ’ ಎಂದರೆ ತಪ್ಪು ಕನ್ನಡವೇ?

ತಿಪಟೂರು ಸೀಮೆಯ ಬಿಳಿಗೆರೆಯಲ್ಲಿ ‘ಹತ್ತು ಕಾಯಿ ಕೊಡಿ’ ಎಂದರೆ ಯಾರಿಗೂ ಗೊಂದಲವಾಗುವುದಿಲ್ಲ. ಆದರೂ ‘ಒಂದಕ್ಕಿಂತ ಹೆಚ್ಚಿದ್ದರೆ ಕಾಯಿಗಳು ಎನ್ನಲೇಬೇಕು, ಇಲ್ಲದಿದ್ದರೆ ಅದು ಹಳ್ಳಿಯವರ ತಪ್ಪು ಕನ್ನಡ’ ಎಂದು ನಂಬುವವರಿದ್ದಾರೆ. ಇದು ನಿಜವೇ? ನೋಡೋಣ.

ಕನ್ನಡದಲ್ಲಿ ಮನುಷ್ಯರಿಗೆ ಒಂದು ನಿಯಮ, ಉಳಿದವಕ್ಕೆ ಇನ್ನೊಂದು. ‘ಇಬ್ಬರು ಹುಡುಗರು’, ‘ಮೂವರು ಅಣ್ಣಂದಿರು’ ಎನ್ನುತ್ತೇವೆ. ‘ಇಬ್ಬರು ಹುಡುಗ’ ಎನ್ನುವುದಿಲ್ಲ. ಆದರೆ ವಸ್ತು, ಮರ, ಪ್ರಾಣಿಗಳ ಹೆಸರಿನ ಹಿಂದೆ ಸಂಖ್ಯೆ ಬಂದರೆ ‘ಗಳು’ ಸೇರಿಸಬಹುದು, ಬಿಡಲೂಬಹುದು. ‘ನಾಲ್ಕು ಮರ’, ‘ಎರಡು ಎಮ್ಮೆ’, ‘ಹತ್ತು ಕಾಯಿ’: ಎಷ್ಟೆಂಬುದನ್ನು ಸಂಖ್ಯೆಯೇ ಹೇಳಿರುತ್ತದೆ.

ಇದು ಕನ್ನಡದ ಕೊರತೆಯೇ? ಅಲ್ಲ. ತೆಂಗು ಬೆಳೆಯುವ ಪೂರ್ವ ಆಫ್ರಿಕಾದ ಕರಾವಳಿಯ ಸ್ವಾಹಿಲಿ ಭಾಷೆಯನ್ನೇ ನೋಡಿ. ಅಲ್ಲಿ ನಾಮಪದಗಳನ್ನು ಹಲವು ಗುಂಪುಗಳಾಗಿ ವಿಂಗಡಿಸಲಾಗಿದೆ. ನಮ್ಮ ‘ಗಳು’ ಪದದ ಕೊನೆಗೆ ಬಂದರೆ, ಅಲ್ಲಿ ಬದಲಾಗುವುದು ಪದದ ಆರಂಭ. ಒಂದು ತೆಂಗಿನಮರ ‘ಮ್‌ನಾಜಿ’, ಹಲವಾದರೆ ‘ಮಿನಾಜಿ’. ಅರಬ್ಬಿಯಿಂದ ಬಂದ ‘ಕಿತಾಬು’, ಅಂದರೆ ಪುಸ್ತಕ, ಬಹುವಚನದಲ್ಲಿ ‘ವಿತಾಬು’ ಆಗುತ್ತದೆ. ಆದರೆ ತೆಂಗಿನಕಾಯಿ ಸೇರಿರುವ ಗುಂಪು ಬೇರೆ: ಒಂದಿದ್ದರೂ ‘ನಾಜಿ’, ಹತ್ತಿದ್ದರೂ ‘ನಾಜಿ’. ಒಂದು ಕಾಯಿ ‘ನಾಜಿ ಮೋಜಾ’, ಹತ್ತು ಕಾಯಿ ‘ನಾಜಿ ಕುಮಿ’.

ಇಂಗ್ಲಿಷಿನಲ್ಲಿ ಸಂಖ್ಯೆಯ ಜೊತೆಗೂ ಬಹುವಚನ ಬೇಕು. ಆ ನಿಯಮ ಎಲ್ಲ ಭಾಷೆಗೂ ಅನ್ವಯಿಸುವುದಿಲ್ಲ.

ಹಾಗಾಗಿ ‘ಹತ್ತು ಕಾಯಿ’ ಸರಿ, ‘ಹತ್ತು ಕಾಯಿಗಳು’ ಕೂಡ ಸರಿ. ಅಜ್ಜಿಯ ಮಾತನ್ನೋ ಮಗುವಿನ ಮಾತನ್ನೋ ‘ತಪ್ಪು’ ಎಂದು ನಗುವ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಯೋಚಿಸಿ.