ಮೂತಿ ಎದ್ಬುಡ್ತದ ಕನ್ಲಾ!

ಹೋದ ರಜೆಲಿ ಸಂತೆಮರಹಳ್ಳಿಗೆ ಹೋಗಿದ್ದೆ. ಚಿಕ್ಕಪ್ಪನ ಮಗ, ಅವನ ಇಬ್ಬರು ಫ್ರೆಂಡ್ಸು ಜಗುಲಿ ಮೇಲೆ ಕೂತು ಒಂದೇ ಫೋನಲ್ಲಿ ಹಿಲ್ ಕ್ಲೈಂಬ್ ರೇಸಿಂಗ್ ಆಡ್ತಿದ್ರು. 2012ರ ಹಳೇ ಗೇಮ್. ಇರೋದೇ ಎರಡು ಪೆಡಲ್: ಗ್ಯಾಸ್, ಬ್ರೇಕ್. ಮೂವರೂ ಕನ್ನಡ ಮೀಡಿಯಂ, ಒಂಬತ್ತನೇ ಕ್ಲಾಸು.

"ದಿಬ್ಬದಲ್ಲಿ ಪೂರ್ತಿ ಒತ್ಬೇಡ ಕನ್ಲಾ, ಮೂತಿ ಎದ್ಬುಡ್ತದ. ಕಬ್ಬು ಜಾಸ್ತಿ ತುಂಬುದ್ ಟ್ರ್ಯಾಕ್ಟ್ರು ಹಂಗೇ ಅಲ್ವಾ?" ಅಂದ ಒಬ್ಬ. ಗಾಡಿ ಗಾಳಿಗೆ ಹಾರಿದಾಗ ಇನ್ನೊಬ್ಬ, "ಈಗ ಬ್ರೇಕ್ ಒತ್ತು, ಮೂತಿ ಕೆಳಕ್ಕೆ ಬತ್ತದ" ಅಂದ.

ಮೊದಲನೇದು ಟಾರ್ಕ್, ಗುರುತ್ವ ಕೇಂದ್ರದ ವಿಷಯ. ಎರಡನೇದು ಕೋನೀಯ ಸಂವೇಗದ ಸಂರಕ್ಷಣೆ. ಮೋಟೋಕ್ರಾಸ್ ಸವಾರರು ಗಾಳಿಯಲ್ಲಿ ನಿಜವಾಗ್ಲೂ ಹೀಗೇ ಹಿಂದಿನ ಬ್ರೇಕ್ ಒತ್ತಿ ಬೈಕಿನ ಮೂತಿ ಇಳಿಸ್ತಾರೆ.

ಮೂರನೆಯವನು ನನ್ನ ಕಡೆ ತಿರುಗಿ ಕೇಳಿದ: "ಅಣ್ಣಾ, ಚಕ್ರ ನೆಲಾನೇ ಮುಟ್ಟಿಲ್ಲ. ಬ್ರೇಕ್ ಹೆಂಗೆ ಕೆಲ್ಸ ಮಾಡ್ತದ?"

ಎಂಥಾ ಪ್ರಶ್ನೆ! ನಾನು ಹೇಳಿದ್ದು, "ಆಂಗುಲರ್ ಮೊಮೆಂಟಮ್ ಈಸ್ ಕನ್ಸರ್ವ್ಡ್." ಮೂವರೂ ಸುಮ್ಮನಾದ್ರು. ನಾನು ಉತ್ತರ ಕೊಟ್ಟಿರಲಿಲ್ಲ, ಬಾಯಿ ಮುಚ್ಚಿಸಿದ್ದೆ ಅಷ್ಟೇ. "ತಿರುಗ್ತಿರೋ ಚಕ್ರಾನ ತಟ್ಟಂತ ನಿಲ್ಲಿಸಿದ್ರೆ ಆ ತಿರುಗಾಟ ಗಾಡಿ ಮೈಗೆ ದಾಟುತ್ತೆ" ಅಂತ ಹೇಳೋಕೆ ನನಗೆ ರಾತ್ರಿವರೆಗೂ ಬೇಕಾಯ್ತು. ಪರೀಕ್ಷೇಲಿ ಇದೇ ಡೆಫಿನಿಷನ್ ಬರೆದು ಮಾರ್ಕ್ಸ್ ತಗೊಂಡಿದ್ದವನು ನಾನು.

ಗೇಮೇ ಮೇಷ್ಟ್ರು ಅಂತ ನಾನು ಹೇಳ್ತಿಲ್ಲ. ಗೇಮ್ ಮಾಡಿದವರಿಗೆ ಬೇಕಿರೋದು ಮಜಾ, ಸರಿಯಾದ ಲೆಕ್ಕ ಅಲ್ಲ. ಅದರಲ್ಲಿ ಚಂದ್ರನ ಸ್ಟೇಜ್ ಇದೆ. ನಿಜವಾದ ಚಂದ್ರನ ಮೇಲೆ ಗುರುತ್ವ ವೇಗೋತ್ಕರ್ಷ 1.62, ಭೂಮಿ ಮೇಲೆ 9.8; ಅಂದ್ರೆ ಸುಮಾರು ಆರನೇ ಒಂದು ಭಾಗ. ಗೇಮಲ್ಲೂ ಅಷ್ಟೇನಾ? ಎರಡೂ ಸ್ಟೇಜಲ್ಲಿ ಸ್ಕ್ರೀನ್ ರೆಕಾರ್ಡ್ ಮಾಡಿ, ಒಂದೇ ಎತ್ತರದಿಂದ ಗಾಡಿ ಬೀಳೋಕೆ ಎಷ್ಟು ಫ್ರೇಮ್ ಆಯ್ತು ಅಂತ ಎಣಿಸಿ ನೋಡಿ. ಹಾಸ್ಟೆಲ್ ರೂಮಲ್ಲೇ ಒಂದು ಲ್ಯಾಬ್ ಆಗುತ್ತೆ.

ಇನ್ನು ಮೂರ್ನಾಲ್ಕು ವರ್ಷಕ್ಕೆ ಆ ಹುಡುಗರು ನಮ್ಮಂಥ ಕಾಲೇಜಿಗೆ ಬರಬಹುದು. ವೈವಾದಲ್ಲಿ ಇಂಗ್ಲಿಷ್ ಬಾರದೆ ತಲೆ ತಗ್ಗಿಸಿ ನಿಲ್ತಾರೆ. "ಬೇಸಿಕ್ಸ್ ವೀಕ್" ಅಂತೀವಿ. ಈಗಲೇ ನಮ್ಮ ಕ್ಲಾಸಲ್ಲಿ ಹಾಗೆ ನಿಂತವರು ಇದ್ದಾರೆ. ಅವರನ್ನ ಒಂದ್ಸಲ ಗೇಮ್ ಆಡುವಾಗ ಪಕ್ಕದಲ್ಲಿ ಕೂತು ಕೇಳಿ. ಆಮೇಲೆ ಹೇಳಿ, ಬೇಸಿಕ್ಸ್ ಯಾರದ್ದು ವೀಕು ಅಂತ.