ಎಂಜಿನ್ನಿನ ತೋಳು ತಾಳುವುದೆಷ್ಟು?

ಎಂಜಿನ್ನಿನ ಒಡಲಿನಲ್ಲಿ ಪಿಸ್ಟನ್ನನ್ನೂ ಕ್ರ್ಯಾಂಕ್ ದಂಡವನ್ನೂ ಕೂಡಿಸುವ ಉಕ್ಕಿನ ತೋಳೊಂದುಂಟು. ಅದೇ ಕನೆಕ್ಟಿಂಗ್ ರಾಡ್. ಪಿಸ್ಟನ್ನಿನ ಏರಿಳಿತವನ್ನು ಚಕ್ರಗತಿಯಾಗಿ ಮಾರ್ಪಡಿಸುವುದು ಇದರ ಕೆಲಸ. ಕಾರಿಗೆ ಟರ್ಬೋ ಕೂಡಿಸಿ ಶಕ್ತಿ ಹೆಚ್ಚಿಸಬಯಸುವ ತರುಣರು ಕೇಳುವ ಪ್ರಶ್ನೆಯೊಂದಿದೆ: ಕಾರ್ಖಾನೆಯಿಂದ ಬಂದ ರಾಡು ಎಷ್ಟು ಅಶ್ವಶಕ್ತಿಯನ್ನು ತಾಳಬಲ್ಲದು?

ಪ್ರಶ್ನೆ ಸರಳವಾದರೂ ಒಂದೇ ಅಂಕಿಯ ಉತ್ತರ ಇದಕ್ಕಿಲ್ಲ. ರಾಡಿನ ಮೇಲೆ ಬೀಳುವ ಹೊರೆ ಎರಡು ಬಗೆಯದು. ಇಂಧನ ಉರಿದಾಗ ಅನಿಲದ ಒತ್ತಡ ಅದನ್ನು ಅದುಮುತ್ತದೆ. ಮಿತಿ ಮೀರಿದರೆ ರಾಡು ಬಾಗುತ್ತದೆ. ಹೊಗೆಯನ್ನು ಹೊರದೂಡಿ ಪಿಸ್ಟನ್ನು ಮೇಲ್ತುದಿಗೆ ಬಂದಾಗಲಾದರೋ ಅದನ್ನು ತಡೆಯಬಲ್ಲ ಒತ್ತಡವೇ ಮೇಲಿರುವುದಿಲ್ಲ. ರಾಡೇ ಅದನ್ನು ಹಿಡಿದು ನಿಲ್ಲಿಸಿ ಕೆಳಕ್ಕೆ ಸೆಳೆಯಬೇಕು. ಮೆಲ್ಲಗೆ ಸೇದಿದಾಗ ತುಂಬಿದ ಕೊಡವನ್ನು ತಾಳುವ ಬಾವಿಯ ಹಗ್ಗ, ಒಮ್ಮೆಲೆ ಜಗ್ಗಿದರೆ ಹರಿಯುವುದಿಲ್ಲವೆ? ಎಂಜಿನ್ನಿನ ವೇಗ ಇಮ್ಮಡಿಯಾದರೆ ಈ ಸೆಳೆತ ನಾಲ್ಮಡಿಯಾಗುತ್ತದೆ.

ಬ್ರಿಟನ್ನಿನ ರೋಲ್ಸ್-ರಾಯ್ಸ್ ಮೆರ್ಲಿನ್ ವಿಮಾನ ಎಂಜಿನ್ ಇದಕ್ಕೆ ಒಳ್ಳೆಯ ನಿದರ್ಶನ. 12 ಸಿಲಿಂಡರುಗಳ, 27 ಲೀಟರಿನ ಈ ಎಂಜಿನ್ 1940ರಲ್ಲಿ ಸ್ಪಿಟ್‌ಫೈರ್ ವಿಮಾನಗಳಿಗೆ ಒದಗಿಸುತ್ತಿದ್ದುದು ಸುಮಾರು 1,000 ಅಶ್ವಶಕ್ತಿ. ಮುಂದೆ ಕೆಲವು ಮಾದರಿಗಳು 2,000ವನ್ನು ದಾಟಿದವು. ಸೋಜಿಗವೆಂದರೆ ಗರಿಷ್ಠ ವೇಗ ಮಾತ್ರ ನಿಮಿಷಕ್ಕೆ 3,000 ಸುತ್ತುಗಳಲ್ಲೇ ನಿಂತಿತು! ಸೂಪರ್‌ಚಾರ್ಜರು ಹೆಚ್ಚು ಗಾಳಿಯನ್ನು ತುಂಬಿದ್ದರಿಂದಲೂ ಉತ್ತಮ ಪೆಟ್ರೋಲು ದೊರೆತದ್ದರಿಂದಲೂ ಶಕ್ತಿ ಬೆಳೆಯಿತು. ಹೀಗಾಗಿ ಅದುಮುವ ಹೊರೆ ಏರಿತೇ ವಿನಾ ಸೆಳೆಯುವ ಹೊರೆ ಅದರೊಡನೆ ಏರಲಿಲ್ಲ. ಅರ್ನೆಸ್ಟ್ ಹೈವ್ಸ್ ಅವರ ಏರ್ಪಾಡಿನಂತೆ, ಕಾರ್ಖಾನೆಯ ಎಂಜಿನ್ನುಗಳನ್ನು ಮುರಿಯುವವರೆಗೂ ಪೂರ್ಣ ಶಕ್ತಿಯಲ್ಲಿ ಓಡಿಸಿ, ಮುರಿದ ಭಾಗವನ್ನು ಬಲಪಡಿಸುವ ಕ್ರಮವೂ ನಡೆದಿತ್ತು.

3,000 ಸುತ್ತುಗಳ ವೇಗದಲ್ಲಿ ಮೆರ್ಲಿನ್ ಪಿಸ್ಟನ್ನಿನ ಒಂದೊಂದು ಕಿಲೋಗ್ರಾಮೂ ಮೇಲ್ತುದಿಯಲ್ಲಿ ರಾಡನ್ನು ಒಂದು ಟನ್ನಿಗೆ ಸಮೀಪದ ಭಾರದಿಂದ ಸೆಳೆಯುತ್ತದೆ. ವೇಗವನ್ನು 3,600ಕ್ಕೆ ಏರಿಸಿದರೆ ಸುತ್ತುಗಳು ಹೆಚ್ಚಿದ್ದು ಶೇಕಡ 20. ಸೆಳೆತ ಹೆಚ್ಚಿದ್ದು ಶೇಕಡ 44.

ಅಮೆರಿಕದ ರೀನೋ ನಗರದಲ್ಲಿ 1964ರಿಂದ 2023ರ ವರೆಗೆ ನಡೆದ ವಿಮಾನ ಪಂದ್ಯಗಳಲ್ಲಿ ಈ ಲೆಕ್ಕ ಪ್ರಾಣದ ಲೆಕ್ಕವಾಗಿತ್ತು. ಅಲ್ಲಿನ ಸ್ಪರ್ಧಿಗಳು ಮೆರ್ಲಿನ್ನಿನಿಂದ 3,000ಕ್ಕೂ ಹೆಚ್ಚು ಅಶ್ವಶಕ್ತಿಯನ್ನು ಹಿಂಡಿದರು. ರಾಡು ಮುರಿದರೆ ಅದು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರಬಹುದು. ನೆಲಕ್ಕೆ ಸಮೀಪದಲ್ಲಿ ಹಾರುವ ಚಾಲಕನಿಗೆ ಯೋಚಿಸಲು ಹೊತ್ತೆಲ್ಲಿ? ಆದುದರಿಂದ ಅವರು ಮೆರ್ಲಿನ್ನಿನ ಸ್ವಂತ ರಾಡುಗಳನ್ನು ತೆಗೆದು, ಅಮೆರಿಕದ್ದೇ ಆದ ಅಲಿಸನ್ ವಿ-1710 ಎಂಜಿನ್ನಿನ ದೃಢತರ ರಾಡುಗಳನ್ನು ಜೋಡಿಸಿದರು. ಎರಡು ಎಂಜಿನ್ನುಗಳಲ್ಲೂ ಪಿಸ್ಟನ್ ಚಲಿಸುವ ದೂರ 6 ಅಂಗುಲವೇ.

ಇನ್ನೊಂದು ಮಾತು. 3,000 ಸುತ್ತುಗಳಲ್ಲಿ ಓಡುವ ರಾಡು ಈ ಸೆಳೆತವನ್ನು ಗಂಟೆಗೆ 90,000 ಬಾರಿ ಸಹಿಸುತ್ತದೆ. ಒಂದು ಸಲಕ್ಕೆ ತಾಳಿದ ಉಕ್ಕು ಲಕ್ಷಾಂತರ ಸಲಕ್ಕೆ ದಣಿಯುತ್ತದೆ. ಕೂದಲೆಳೆಯ ಬಿರುಕೊಂದು ಒಳಗೊಳಗೇ ಬೆಳೆಯುತ್ತದೆ. ಎಷ್ಟೋ ವೇಳೆ ಮೊದಲು ಸೋಲುವುದು ರಾಡಲ್ಲ, ಅದರ ಬೋಲ್ಟು.

ನೆರೆಯವನ ಕಾರು ಇಷ್ಟು ಅಶ್ವಶಕ್ತಿಯನ್ನು ತಾಳಿತೆಂಬುದು ಆದುದರಿಂದ ಅಭಯವಾಗಲಾರದು. ಅದು ಎಷ್ಟು ವೇಗದಲ್ಲಿ, ಎಷ್ಟು ಒತ್ತಡದಲ್ಲಿ, ಎಷ್ಟು ಕಾಲ ತಾಳಿತೆಂಬುದನ್ನೂ ಕೇಳಬೇಕು. ತಯಾರಕರು ರಾಡಿನಲ್ಲಿ ಉಳಿಸಿದ ಹೆಚ್ಚುವರಿ ಬಲ ಆಪತ್ತಿಗೆಂದು ಕೂಡಿಟ್ಟ ಗಂಟು. ಅದನ್ನು ದಿನವೂ ಬಿಚ್ಚಿ ಖರ್ಚು ಮಾಡುವವನಿಗೆ ಆಪತ್ತಿನ ದಿನ ಕೈ ಬರಿದು.