ಅವಳ ಮುಖ ಬಿಟ್ಟುಬಿಡಿ

ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಹಾಕಿ ಉಪ್ಪು ಬಡಿಸುವಷ್ಟರಲ್ಲಿ, ಪಕ್ಕದಲ್ಲಿ ಕೂತ ಹುಡುಗಿಯ ಮುಖ ನೋಡಿ, "ಏನೇ ಇದು, ಮೀಸೆ ಬಂದಂಗಿದೆಯಲ್ಲ! ಪಾರ್ಲರಿಗೆ ಹೋಗಬಾರದಾ?" ಎಂದು ಕೇಳುವವರು ನಾವೇ. ಕೆಟ್ಟವರೇನಲ್ಲ. ಸೋದರತ್ತೆ, ಚಿಕ್ಕಮ್ಮ, ಅಕ್ಕನ ಗೆಳತಿ, ಎದುರು ಮನೆ ಆಂಟಿ. ಪಾಯಸ ಬರುವ ಹೊತ್ತಿಗೆ ಆಡಿದ್ದು ನಮಗೆ ಮರೆತೇ ಹೋಗಿರುತ್ತದೆ. ಅವಳಿಗೆ ಮರೆಯುವುದಿಲ್ಲ. ಆವತ್ತಿನಿಂದ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾಳೆ, ಫೋಟೊ ಎಂದರೆ ಹಿಂದಿನ ಸಾಲಿಗೆ ಸರಿಯುತ್ತಾಳೆ, ಬಸ್ಸಿನಲ್ಲಿ ಕಿಟಕಿಯ ಬೆಳಕು ಯಾವ ಕೆನ್ನೆಗೆ ಬೀಳುತ್ತದೆಂದು ನೋಡಿಕೊಂಡು ಕೂರುತ್ತಾಳೆ.

ಈ ಮಾತು ನಿಲ್ಲಬೇಕು. ಇವತ್ತಿನಿಂದಲೇ ನಿಲ್ಲಬೇಕು ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ನನ್ನ ಗಲ್ಲದಲ್ಲೂ ಕೂದಲು ಬರುತ್ತದೆ. ದೂರ ನಿಂತು ನೋಡಿದವಳ ಮಾತಲ್ಲ ಇದು.

ಬೆಂಗಳೂರಿನ ಪಿಜಿಯೊಂದರಲ್ಲಿರುವ ಹುಡುಗಿಯೊಬ್ಬಳು ನನಗೆ ಗೊತ್ತು. ಹಾಸನದ ಕಡೆಯವಳು. ಒಂದು ರೂಮಿಗೆ ನಾಲ್ಕು ಮಂಚ. ಉಳಿದ ಮೂವರು ಏಳುವ ಮುಂಚೆ ಎದ್ದು ಬಾತ್‌ರೂಮಿನ ಚಿಲಕ ಹಾಕಿಕೊಳ್ಳುತ್ತಾಳೆ. ಅಲ್ಲಿನ ಬಲ್ಬಿನ ಬೆಳಕು ಸಾಲದೆ ಮೊಬೈಲಿನ ಟಾರ್ಚನ್ನು ಗಲ್ಲದ ಕೆಳಗೆ ಹಿಡಿಯುತ್ತಾಳೆ. ಪ್ಲಕ್ಕರಿನಲ್ಲಿ ಒಂದೊಂದೇ ಕೂದಲು ಕೀಳುತ್ತಾಳೆ. ಕೆಲವು ಅರ್ಧಕ್ಕೇ ತುಂಡಾಗುತ್ತವೆ. ಕೆಲವು ಹೊರಗೆ ಬರದೆ ಚರ್ಮದೊಳಗೇ ಸುರುಳಿ ಸುತ್ತಿಕೊಂಡು ಕೆಂಪು ಗುಳ್ಳೆಯಾಗಿರುತ್ತವೆ. ಅವನ್ನು ಪಿನ್ನಿನ ಮೊನೆಯಿಂದ ಕೆದಕುತ್ತಾಳೆ. ರಕ್ತ ಜಿನುಗುತ್ತದೆ. ಆ ಹಸಿಗಾಯದ ಮೇಲೆಯೇ ಫೌಂಡೇಶನ್ ಬಳಿದುಕೊಂಡು ಕೆಲಸಕ್ಕೆ ಹೊರಡುತ್ತಾಳೆ. ಸಂಜೆಗೆ ಮುಖವೆಲ್ಲ ಉರಿ, ಕೆರೆತ. ಗುಳ್ಳೆ ಒಣಗಿದ ಕಡೆ ಕಪ್ಪು ಕಲೆ ನಿಲ್ಲುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಆಮೇಲೆ ಜನ ಕೂದಲಿನ ಮಾತು ಬಿಟ್ಟು ಕಲೆಯ ಮಾತು ಎತ್ತುತ್ತಾರೆ.

ಅವಳೇನು ಮಾಡಬಾರದ್ದು ಮಾಡಿದ್ದಾಳೆ? ಹೆಣ್ಣಾಗಲಿ ಗಂಡಾಗಲಿ, ಎಲ್ಲರ ಮುಖದಲ್ಲೂ ಕೂದಲಿನ ಬುಡಗಳಿವೆ. ಹೆಂಗಸರಲ್ಲಿ ಅವು ಸಾಮಾನ್ಯವಾಗಿ ನವಿರಾದ, ಕಂಡೂ ಕಾಣದಂಥ ಕೂದಲನ್ನು ಬೆಳೆಸುತ್ತವೆ. ಆಂಡ್ರೋಜನ್ ಎಂಬ ಹಾರ್ಮೋನು ಹೆಣ್ಣಿನ ಮೈಯಲ್ಲೂ ಇರುತ್ತದೆ, ಇರಲೇಬೇಕು. ಅದು ಹೆಚ್ಚಾದಾಗ, ಅಥವಾ ಇರಬೇಕಾದಷ್ಟೇ ಇದ್ದರೂ ಕೂದಲಿನ ಬುಡಗಳು ಅದಕ್ಕೆ ಅತಿಯಾಗಿ ಸ್ಪಂದಿಸಿದಾಗ, ಆ ನವಿರು ಕೂದಲೇ ಕಪ್ಪಗೆ ದಪ್ಪಗೆ ಆಗುತ್ತದೆ. ಕೆಲವರಿಗೆ ಇದು ಮನೆತನದಿಂದ ಬಂದಿರುತ್ತದೆ. ಮುಟ್ಟು ನಿಂತ ಮೇಲೆ ಎಷ್ಟೋ ಹೆಂಗಸರ ಗಲ್ಲದಲ್ಲಿ ನಾಲ್ಕಾರು ಒರಟು ಕೂದಲು ಏಳುತ್ತವೆ. ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಹೀಗಾದರೆ ಹೆಚ್ಚಿನ ಸಲ ಅದರ ಹಿಂದಿರುವುದು ಪಿಸಿಓಎಸ್, ನಮ್ಮ ಜನ ಪಿಸಿಓಡಿ ಎಂದು ಕರೆಯುವ, ಮುಟ್ಟನ್ನೂ ಏರುಪೇರು ಮಾಡುವ ಹಾರ್ಮೋನಿನ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಇದೆ. ಇದ್ದವರಲ್ಲಿ ಶೇ. 70ರಷ್ಟು ಮಂದಿಗೆ ತಮಗೆ ಇದೆ ಎಂಬುದೇ ಗೊತ್ತಿಲ್ಲದಿರಬಹುದು.

ಈ ಎರಡನೇ ಅಂಕಿ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಲಕ್ಷಣ ಎಲ್ಲೋ ಹೊಟ್ಟೆಯೊಳಗೆ ಅಡಗಿಲ್ಲ, ಮುಖದ ಮೇಲೇ ಇದೆ. ಊರೆಲ್ಲ ನೋಡಿದೆ, ಊರೆಲ್ಲ ಆಡಿಕೊಂಡಿದೆ. ಅಷ್ಟು ಜನ ನೋಡಿಯೂ "ಮುಟ್ಟು ಸರಿಯಾಗಿ ಆಗ್ತಿದೆಯಾ ಪುಟ್ಟಿ?" ಎಂದು ಒಬ್ಬರೂ ಕೇಳಿಲ್ಲ. ಪಿಸಿಓಎಸ್ ಇದ್ದವರಿಗೆ ಸಕ್ಕರೆ ಕಾಯಿಲೆ, ಬಿಪಿ ಬರುವ ಸಂಭವ ಹೆಚ್ಚು. ತಿಂಗಳುಗಟ್ಟಲೆ ಮುಟ್ಟಾಗದೆ ಹಾಗೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಮುಂದೆ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಗಲ್ಲದ ಕೂದಲು ಇದನ್ನೆಲ್ಲ ಮೊದಲೇ ಹೇಳಲು ಬಂದಿರುತ್ತದೆ. ನಾವು ನಾಚಿಕೆ ಹುಟ್ಟಿಸಿ ಅವಳು ಅದನ್ನು ಕಿತ್ತು ಬಿಸಾಡುವಂತೆ ಮಾಡುತ್ತೇವೆ.

ಮಗು ಹುಟ್ಟಿದಾಗಿನಿಂದಲೇ ನಮ್ಮ ಕೈ ಸುಮ್ಮನಿರುವುದಿಲ್ಲ. ಹೆಣ್ಣು ಮಗುವಿನ ಹಣೆಯಲ್ಲಿ, ಬೆನ್ನಿನಲ್ಲಿ ಕೂದಲಿದೆಯೆಂದು ಕಡಲೆಹಿಟ್ಟು ಕಲಸಿ ಉಂಡೆ ಮಾಡಿ ಉಜ್ಜುತ್ತೇವೆ, ಎಳೆ ಚರ್ಮ ಕೆಂಪೇರುವವರೆಗೂ. ಹುಟ್ಟಿದ ಕೂಸಿನ ಮೈಯ ಆ ನವಿರು ಕೂದಲು ಕೆಲವು ವಾರಗಳಲ್ಲಿ ತಾನಾಗಿ ಉದುರುತ್ತದೆ, ಗಂಡು ಮಗುವಿನದೂ ಅಷ್ಟೇ. ಉಜ್ಜಿದ್ದರಿಂದ ಆಗುವುದು ಉರಿ ಮಾತ್ರ. ಹತ್ತೋ ಹನ್ನೊಂದೋ ವರ್ಷಕ್ಕೆ ಅದೇ ಮಗುವಿಗೆ ಅರಿಶಿನದ ಪಟ್ಟು ಶುರು, ಆಮೇಲೆ ಥ್ರೆಡ್ಡಿಂಗ್, ಆಮೇಲೆ ಬ್ಲೀಚು. ಗಂಡು ಹುಡುಗನ ಮೂಗಿನ ಕೆಳಗೆ ಮೊದಲ ಗೆರೆ ಮೂಡಿದಾಗ ಮನೆಯವರೆಲ್ಲ ಸಂಭ್ರಮದಿಂದ ನೋಡುತ್ತಾರೆ.

2024ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿ ಪರೀಕ್ಷೆಯಲ್ಲಿ ಒಬ್ಬ ಹುಡುಗಿ 600ಕ್ಕೆ 591 ಅಂಕ ತೆಗೆದು ರಾಜ್ಯಕ್ಕೇ ಮೊದಲು ಬಂದಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ಅದನ್ನು ದೇಶ ಆಗಲೇ ಸಾಕಷ್ಟು ಎಳೆದಾಡಿದೆ. ಪತ್ರಿಕೆಗಳಲ್ಲಿ ಬಂದ ಅವಳ ಫೋಟೊದಲ್ಲಿ ಸಾವಿರಾರು ಜನರಿಗೆ ಕಂಡದ್ದು ತುಟಿಯ ಮೇಲಿನ ಕೂದಲೊಂದೇ. ಹತ್ತನೇ ತರಗತಿಯ ಮಗುವನ್ನು ಮೊಬೈಲಿನಲ್ಲಿ ಕೂತು ಹರಿದು ತಿಂದರು. ಒಂದು ರೇಜರ್ ಕಂಪನಿ ಅವಳಿಗೆ ಬೆಂಬಲ ಎನ್ನುತ್ತಾ ಅದರಲ್ಲೇ ಜಾಹೀರಾತು ಮಾಡಿಕೊಂಡಿತು. ಒಂದೆರಡು ಅಂಕ ಕಡಿಮೆ ಬಂದಿದ್ದರೇ ಚೆನ್ನಾಗಿತ್ತು ಎನ್ನುವಂಥ ಮಾತು ಕೊನೆಗೆ ಆ ಹುಡುಗಿಯ ಬಾಯಿಂದ ಬಂತು. ಓದಿ ಗೆದ್ದದ್ದಕ್ಕೆ ಒಂದು ಮಗು ಪರಿತಪಿಸುವಂತೆ ಮಾಡಿದ್ದೇವೆ. ಅದು ಉತ್ತರ ಪ್ರದೇಶದ ಕತೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಫೋಟೊ ಕೊಡಲು ಹಿಂಜರಿಯುವ ಮಕ್ಕಳು ನಮ್ಮ ಶಾಲೆಗಳಲ್ಲೂ ಇದ್ದಾರೆ.

ಈಗ ಮೆಡಿಕಲ್ ಶಾಪಿನವರ ಹತ್ತಿರ ಬರುತ್ತೇನೆ. ನನ್ನ ಸಂಕಟದ ದೊಡ್ಡ ಪಾಲು ಇಲ್ಲಿದೆ.

ಅಣ್ಣ, ಥ್ರೆಡ್ಡಿಂಗ್ ಮಾಡಿಸಿ ಮುಖ ಕೆಂಪಾದ ಹುಡುಗಿ ನಿಮ್ಮ ಅಂಗಡಿಯ ಮುಂದೆ ನಿಂತು, ಪಕ್ಕದಲ್ಲಿದ್ದವರು ಹೋಗಲಿ ಎಂದು ಕಾದು, ಮೆಲ್ಲಗೆ "ಮುಖಕ್ಕೆ ಏನಾದರೂ ಕೊಡಿ" ಎಂದು ಕೇಳುತ್ತಾಳೆ. ನೀವು ಹಿಂದೆ ಮುಂದೆ ನೋಡದೆ ಒಂದು ಟ್ಯೂಬು ಕೊಡುತ್ತೀರಿ. ಬಂಗಿಗೂ ಅದೇ, ಮೊಡವೆಗೂ ಅದೇ, ಬೆಳ್ಳಗಾಗುವುದಕ್ಕೂ ಅದೇ. ಅದರಲ್ಲಿರುವುದು ಬೀಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್. ಎಷ್ಟೋ ಟ್ಯೂಬುಗಳಲ್ಲಿ ಅದರ ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಕೂಡ ಸೇರಿರುತ್ತದೆ. ಹಚ್ಚಿದ ಕೆಲವೇ ದಿನಕ್ಕೆ ಉರಿ ಇಳಿಯುತ್ತದೆ, ಮುಖ ಹೊಳೆಯುತ್ತದೆ. ಹುಡುಗಿಗೆ ಖುಷಿ. ತಾನು ಹಚ್ಚಿದ್ದನ್ನು ಗೆಳತಿಯರಿಗೂ ಹೇಳುತ್ತಾಳೆ. ತಿಂಗಳುಗಳು ಕಳೆದ ಹಾಗೆ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಕೆಂಪು ನರಗಳು ಬಲೆಯ ಹಾಗೆ ಕಾಣತೊಡಗುತ್ತವೆ, ಬಿಸಿಲಿಗೆ ಹೋದರೆ ಬೆಂದಂತಾಗುತ್ತದೆ, ಮೊಡವೆ ಏಳುತ್ತವೆ. ಹಚ್ಚುವುದನ್ನು ಬಿಟ್ಟರೆ ಎರಡರಷ್ಟು ಉರಿ. ಆ ಉರಿ ತಾಳಲಾರದೆ ಮತ್ತೆ ನಿಮ್ಮ ಅಂಗಡಿಗೇ ಬರುತ್ತಾಳೆ. ಇನ್ನೊಂದು ಸಂಗತಿ ಕೇಳಿ: ಸ್ಟೀರಾಯ್ಡ್ ಕ್ರೀಮನ್ನು ಮುಖಕ್ಕೆ ಬಹಳ ಕಾಲ ಹಚ್ಚಿದರೆ ಅಲ್ಲಿ ಕೂದಲೇ ಬೆಳೆಯಬಹುದು. ಕೂದಲು ತೆಗೆದು ಮುಖ ಉರಿಯುತ್ತಿದೆಯೆಂದು ಬಂದವಳಿಗೆ ನೀವು ಕೊಟ್ಟದ್ದು ಕೂದಲು ಬೆಳೆಸುವ ಔಷಧಿ.

ಭಾರತದ ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಟ್ಟಲೆ ಕೂಗಿದೆ. ಈ ಕ್ರೀಮುಗಳಿಂದ ಹಾಳಾದ ಮುಖಗಳು ಎಷ್ಟು ಬಂದವೆಂದರೆ ವೈದ್ಯರು ಅದಕ್ಕೊಂದು ಬೇರೆಯೇ ಹೆಸರಿಡಬೇಕಾಯಿತು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಕಟ್ಟುನಿಟ್ಟಾಗಿ ತಂದಿತು. ಡಾಕ್ಟರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ನಿಮಗೆ ಇದು ಗೊತ್ತು, ನಿಮ್ಮ ಗೋಡೆಯ ಮೇಲೆ ಲೈಸೆನ್ಸು ತೂಗುತ್ತಿದೆ. ಒಂದು ಟ್ಯೂಬಿನಲ್ಲಿ ನಿಮಗೆ ಉಳಿಯುವ ನಾಲ್ಕು ಕಾಸಿಗಾಗಿ ಆ ಹುಡುಗಿ ವರ್ಷಗಟ್ಟಲೆ ಬೇಯಬೇಕೇ? ಚೀಟಿ ಕೇಳಿ. ಇಲ್ಲವೆಂದರೆ ಕೊಡಬೇಡಿ. ಬೇರೆ ಅಂಗಡಿಗೆ ಹೋಗುತ್ತಾಳೆ ಎಂದರೆ ಹೋಗಲಿ, ನಿಮ್ಮ ಕೈಯಿಂದ ಆಗದಿರಲಿ. ಈಗಾಗಲೇ ಹಚ್ಚುತ್ತಿರುವವರಿಗೂ ಒಂದು ಮಾತು: ಹೆದರಿ ಒಮ್ಮೆಲೇ ನಿಲ್ಲಿಸಿ ಒಬ್ಬರೇ ನರಳಬೇಡಿ, ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡು ಸ್ಕಿನ್ ಡಾಕ್ಟರ ಹತ್ತಿರ ಹೋಗಿ. ಬಿಡುವುದಕ್ಕೂ ಒಂದು ಕ್ರಮವಿದೆ.

ಪಾರ್ಲರ್ ನಡೆಸುವ ಅಕ್ಕಂದಿರ ಮೇಲೆ ನನಗೆ ಸಿಟ್ಟಿಲ್ಲ, ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ಆದರೆ ಹಲ್ಲಿನಲ್ಲಿ ಕಚ್ಚಿ ಹಿಡಿಯುವ ದಾರವನ್ನು ಒಬ್ಬೊಬ್ಬರಿಗೂ ಹೊಸದಾಗಿ ತೆಗೆಯಿರಿ, ಕೈ ತೊಳೆಯಿರಿ. ನರುಳ್ಳೆ, ಕೀವುಗುಳ್ಳೆ ಒಬ್ಬರಿಂದ ಒಬ್ಬರಿಗೆ ಹೀಗೂ ಹರಡುತ್ತವೆ. ಮೊಡವೆಗೆ ರಾತ್ರಿ ಕ್ರೀಮು ಹಚ್ಚುತ್ತೀಯಾ ಎಂದು ಕೇಳದೆ ಮುಖಕ್ಕೆ ವ್ಯಾಕ್ಸ್ ಹಾಕಬೇಡಿ. ಟ್ರೆಟಿನಾಯಿನ್ ಹಚ್ಚುವವರ ಚರ್ಮ ವ್ಯಾಕ್ಸಿನ ಜೊತೆಗೇ ಸುಲಿದು ಬರಬಹುದು. ಮುಖ ಉರಿಯುತ್ತಿರುವವಳಿಗೆ ಬ್ಲೀಚು ಬೇಡ ಎಂದು ಹೇಳುವ ಧೈರ್ಯ ಮಾಡಿ.

ಅಮ್ಮಂದಿರೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಾಳೆ ಗಂಡಿನ ಕಡೆಯವರು ಬಂದು ಕೂತಾಗ ಯಾರೋ ಒಬ್ಬರು ಮುಖ ನೋಡಿ ಪಿಸುಗುಟ್ಟುತ್ತಾರೆ, ಪಿಸಿಓಡಿ ಎಂದು ಗೊತ್ತಾದರೆ ಮಕ್ಕಳಾಗುವುದಿಲ್ಲವಂತೆ ಎಂದು ಸುದ್ದಿ ಹಬ್ಬುತ್ತದೆ ಎಂಬ ಭಯ. ಆ ಸುದ್ದಿ ಸುಳ್ಳು. ಪಿಸಿಓಎಸ್ ಇದ್ದ ಬಹಳಷ್ಟು ಹೆಂಗಸರು ತಾಯಂದಿರಾಗುತ್ತಾರೆ, ಕೆಲವರಿಗೆ ಚಿಕಿತ್ಸೆ ಬೇಕಾಗುತ್ತದೆ, ಅಷ್ಟೇ. ಮಗಳನ್ನು ಮುಚ್ಚಿಟ್ಟರೆ ಮುಚ್ಚಿಹೋಗುವುದು ಅವಳ ಆರೋಗ್ಯ. "ಮದುವೆಯಾದರೆ ಎಲ್ಲ ಸರಿಹೋಗುತ್ತೆ" ಎಂದು ಡಾಕ್ಟರೇ ಹೇಳಿದರೂ ಒಪ್ಪಿಕೊಳ್ಳಬೇಡಿ, ಎದ್ದು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಮದುವೆ ಯಾವ ಹಾರ್ಮೋನಿಗೂ ಔಷಧಿಯಲ್ಲ. ಕೆಲವೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಕೂದಲು ಹೆಚ್ಚಿ ದನಿಯೂ ಗಡುಸಾದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಅಪರೂಪಕ್ಕೆ ಅಂಡಾಶಯದಲ್ಲಿ ಅಥವಾ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇರುವ ಸಾಧ್ಯತೆ ಉಂಟು.

ಶೇವ್ ಮಾಡಿದರೆ ದಪ್ಪ ಬರುತ್ತದೆ ಎಂಬ ಹೆದರಿಕೆಯನ್ನೂ ಮನೆಯಿಂದ ಓಡಿಸಿ. ಹಾಗಾಗುವುದಿಲ್ಲ ಎಂದು ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ನೋಡಿ ಬರೆದಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ, ಬುಡ ಹಾಗೇ ಇರುತ್ತದೆ. ಕಿತ್ತು ಕಿತ್ತು ಹುಣ್ಣಾದ ಗಲ್ಲಕ್ಕೆ, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೂದಲು ಬೆಳೆದ ದಿಕ್ಕಿಗೇ, ಹೊಸ ಬ್ಲೇಡಿನಲ್ಲಿ ಹಗುರವಾಗಿ ಶೇವ್ ಮಾಡಿ, ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚುವುದು ಎಷ್ಟೋ ಮೇಲು. ಅದು ಅವಳಿಗೆ ಬೇಕಾದರೆ. ಹಾಗೇ ಬಿಡುತ್ತೇನೆ ಎಂದರೆ ಅದೂ ಅವಳಿಷ್ಟ.

ಚಿಕಿತ್ಸೆ ಇದೆ, ಆದರೆ ಅದಕ್ಕೆ ತಾಳ್ಮೆ ಬೇಕು. ಮಾತ್ರೆಯ ಫಲ ಕಾಣಲು ಆರು ತಿಂಗಳಾದರೂ ಹಿಡಿಯುತ್ತದೆ, ಕೂದಲು ಬೆಳೆಯುವ ಲೆಕ್ಕವೇ ಹಾಗೆ. ಕೆಲವು ಮಾತ್ರೆಗಳನ್ನು ಬಸಿರಿನಲ್ಲಿ ತೆಗೆದುಕೊಳ್ಳುವಂತಿಲ್ಲ, ಹಾಗಾಗಿ ಗೆಳತಿಯ ಚೀಟಿ ತೋರಿಸಿ ತರುವ ಕೆಲಸ ಬೇಡ. ಲೇಸರಿಗೆ ನಾಲ್ಕಾರು ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು. ನಮ್ಮ ಮೈಬಣ್ಣಕ್ಕೆ ಹೊಂದುವ ಯಂತ್ರ, ಅದನ್ನು ಬಲ್ಲ ಕೈ ಎರಡೂ ಇಲ್ಲದಿದ್ದರೆ ಸುಟ್ಟ ಕಲೆ ಉಳಿಯುತ್ತದೆ. ಬಿಳಿ ಕೂದಲಿಗೆ ಅದು ಕೆಲಸ ಮಾಡುವುದಿಲ್ಲ. ಒಳಗಿನ ಹಾರ್ಮೋನಿಗೆ ಚಿಕಿತ್ಸೆಯಾಗದಿದ್ದರೆ ಕೂದಲು ಮತ್ತೆ ಬರುತ್ತದೆ. ದುಬಾರಿ ಕ್ಲಿನಿಕ್ಕಿನ ಪ್ಯಾಕೇಜಿಗೆ ಸಾಲ ಮಾಡುವ ಮುಂಚೆ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಮಕ್ಕಳಿಗೆ ಅದನ್ನು ಟೀಚರುಗಳು ಹೇಳಬೇಕು.

ತಂಗಿ, ಡಾಕ್ಟರ ಹತ್ತಿರ ಹೋಗುವ ದಿನ ಫೌಂಡೇಶನ್ ಹಚ್ಚಬೇಡ. ಕೆಲವು ದಿನ ಮೊದಲಿನಿಂದ ಕೀಳುವುದನ್ನು ನಿಲ್ಲಿಸು, ಎಲ್ಲೆಲ್ಲಿ ಎಷ್ಟು ಬೆಳೆಯುತ್ತದೆ ಎಂದು ಅವರು ನೋಡಬೇಕು. ಅದು ಆಗದು ಎಂದರೆ ಬೇಡ, ಎಷ್ಟು ಸಲ ತೆಗೆಯುತ್ತೀ ಎಂದು ಬಾಯಿಬಿಟ್ಟು ಹೇಳು. ಮುಟ್ಟಾದ ತಾರೀಕುಗಳನ್ನು ಬರೆದುಕೊಂಡು ಹೋಗು. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲಕ್ಕೆ ಹಾಕಿಕೋ. ಒಬ್ಬಳೇ ಹೋಗಲು ಸಂಕೋಚವಾದರೆ ಅತ್ತೆಯನ್ನೋ ಚಿಕ್ಕಮ್ಮನನ್ನೋ ಬಾ ಎಂದು ಕೇಳು. ಅತ್ತೆ, ಚಿಕ್ಕಮ್ಮ, ಅವಳು ಕೇಳಿದ ದಿನ ಮನೆಗೆಲಸ ಬದಿಗಿಟ್ಟು, ಯಾಕೆ ಏನು ಎಂದು ಬಸ್ಸಿನಲ್ಲಿ ಕೆದಕದೆ, ಅವಳ ಜೊತೆ ಹೊರಡಿ.